ಹೆಡ್‌ಫೋನ್‌ಗೆ ಆಂಪ್ ಬೇಕಾ? ಮೊದಲು ಲೆಕ್ಕ ಹಾಕೋಣ

ಕ್ಯಾಂಪಸ್ಸಿನಲ್ಲಿ ಯಾರಾದರೂ ದುಡ್ಡು ಕೂಡಿಟ್ಟು ಒಂದು ಒಳ್ಳೇ ಹೆಡ್‌ಫೋನ್ ತಗೊಂಡ್ರೆ ಸಾಕು, ಎರಡು ದಿನದೊಳಗೆ ಒಬ್ಬ ಪಂಡಿತ ಹಾಜರಾಗ್ತಾನೆ. "ಆಂಪ್ ಇಲ್ವಾ? ಹಾಗಾದ್ರೆ ನೀನು ಇದರ ಅರ್ಧ ಕೂಡ ಕೇಳ್ತಿಲ್ಲ ಬಿಡು" ಅಂತಾನೆ. ಅವನ ಹಿಂದೆ ಇನ್ನೊಬ್ಬ ಬಂದು "ಆಂಪ್ ಅಲ್ಲ ಕಣೋ, ಮೊದಲು ಡ್ಯಾಕ್ ಚೇಂಜ್ ಮಾಡು" ಅಂತಾನೆ. ಮೂರನೆಯವನಿಗೆ ಕೇಬಲ್ ಮೇಲೆ ಅನುಮಾನ. ಹೀಗೆ ಇಪ್ಪತ್ತು ಸಾವಿರದ ಹೆಡ್‌ಫೋನ್ ಕೊಂಡವನ ತಲೆಯಲ್ಲಿ ಇನ್ನೊಂದು ಇಪ್ಪತ್ತು ಸಾವಿರದ ಖರ್ಚು ಬಂದು ಕೂರುತ್ತೆ. ಎಲೆಕ್ಟ್ರಾನಿಕ್ಸ್ ಓದುತ್ತಿರೋ ನಾವು ಮೂರು ಜನ ಈ ಸೆಮಿಸ್ಟರಿನಲ್ಲಿ ಕೂತು ಯೋಚಿಸಿದ್ದು ಇಷ್ಟೇ: ಇದು ನಂಬಿಕೆಯ ವಿಷಯ ಯಾಕಾಗಬೇಕು? ಓಮ್ಸ್ ಲಾ ನಮಗೆ ಪಿಯುಸಿಯಲ್ಲೇ ಬಂದಿತ್ತಲ್ಲ?

ಈ ಪ್ರಶ್ನೆಯ ಮುಕ್ಕಾಲು ಪಾಲನ್ನು ಕ್ಯಾಲ್ಕುಲೇಟರ್ ಹಿಡಿದು ಹತ್ತು ನಿಮಿಷದಲ್ಲಿ ಬಿಡಿಸಬಹುದು. ಉಳಿದ ಕಾಲು ಭಾಗ ರುಚಿ, ಅದಕ್ಕೆ ನಾವು ಕೈ ಹಾಕೋದಿಲ್ಲ.

ಮೊದಲು ಆಂಪ್ ಅಂದ್ರೆ ಏನು ಕೆಲಸ ಮಾಡುತ್ತೆ ಅನ್ನೋದು. ಫೋನಿನಲ್ಲಿರೋ ಹಾಡು ಬರೀ ಸಂಖ್ಯೆಗಳ ಸಾಲು. ಅದನ್ನು ವೋಲ್ಟೇಜ್ ಮಾಡೋದು ಡ್ಯಾಕ್. ಆ ವೋಲ್ಟೇಜನ್ನು ಬೇಕಾದಷ್ಟು ದೊಡ್ಡದು ಮಾಡಿ, ಹೆಡ್‌ಫೋನಿನ ಕಾಯಿಲ್ ಎಷ್ಟು ಕರೆಂಟ್ ಎಳೆದರೂ ಕುಸಿಯದ ಹಾಗೆ ಹಿಡಿದುಕೊಳ್ಳೋದು ಆಂಪ್. ಇಷ್ಟೇ ಕೆಲಸ. ಧ್ವನಿಗೆ 'ಜೀವ' ತುಂಬೋದು, 'ಆತ್ಮ' ತುಂಬೋದು ಅದರ ಡ್ಯೂಟಿ ಅಲ್ಲ. ಡ್ಯಾಕ್ ಮತ್ತು ಆಂಪ್ ಎರಡೂ ನಿಮ್ಮ ಫೋನಿನ ಜ್ಯಾಕಿನ ಹಿಂದೆ ಈಗಾಗಲೇ ಇವೆ. ಜ್ಯಾಕ್ ಇಲ್ಲದ ಫೋನಾದರೆ ಸಾವಿರ ರೂಪಾಯಿ ಆಸುಪಾಸಿನ ಯುಎಸ್‌ಬಿ-ಸಿ ಡಾಂಗಲ್‌ನ ಆ ಸಣ್ಣ ಬಿಳಿ ಬಾಲದೊಳಗೆ ಇವೆ. ಆದ್ದರಿಂದ 'ಆಂಪ್ ಬೇಕಾ' ಅನ್ನೋ ಪ್ರಶ್ನೆಯೇ ಸ್ವಲ್ಪ ತಪ್ಪು. 'ಇರೋ ಆಂಪ್ ಸಾಲುತ್ತಾ' ಅಂತ ಕೇಳಬೇಕು.

ಸಾಲುತ್ತಾ ಅಂತ ತಿಳಿಯೋಕೆ ಹೆಡ್‌ಫೋನಿನ ಡಬ್ಬದ ಮೇಲಿನ ಎರಡು ಅಂಕಿ ಬೇಕು: ಇಂಪೀಡೆನ್ಸ್ ಮತ್ತು ಸೆನ್ಸಿಟಿವಿಟಿ. ಎಲ್ಲರೂ ಮೊದಲನೆಯದನ್ನು ಮಾತ್ರ ನೋಡ್ತಾರೆ. "300 ಓಮ್ ಅಂತೆ, ಆಂಪ್ ಬೇಕೇ ಬೇಕು." "ಇದು ಬರೀ 50 ಓಮ್, ಫೋನಿಗೇ ಸಾಕು." ಎರಡೂ ಅರ್ಧ ಸತ್ಯ. ಇದನ್ನು ಒಡೆದು ತೋರಿಸೋಕೆ ಎರಡು ಹೆಸರಾಂತ ಹೆಡ್‌ಫೋನ್ ತಗೊಳ್ಳೋಣ.

ಒಂದು, ಸೆನ್‌ಹೈಸರ್ ಎಚ್‌ಡಿ 600. 1997ರಲ್ಲಿ ಬಂದದ್ದು, ಇವತ್ತಿಗೂ ಜನ ಹುಡುಕಿ ಕೊಳ್ತಾರೆ. ಇಂಪೀಡೆನ್ಸ್ 300 ಓಮ್. 1 ವೋಲ್ಟ್ ಕೊಟ್ಟರೆ 97 ಡಿಬಿ ಸದ್ದು. ಇನ್ನೊಂದು, ಹೈಫೈಮ್ಯಾನ್ ಎಚ್‌ಇ6. ಇದು ಪ್ಲೇನರ್ ಮ್ಯಾಗ್ನೆಟಿಕ್. ಕಾಯಿಲ್ ಸುತ್ತೋ ಬದಲು ತೆಳು ಹಾಳೆಯ ಮೇಲೆ ತಂತಿ ಎಳೆದಿರ್ತಾರೆ, ಹಾಳೆಯೇ ಆಯಸ್ಕಾಂತಗಳ ಮಧ್ಯೆ ಅಲುಗಾಡುತ್ತೆ. ಇಂಪೀಡೆನ್ಸ್ 50 ಓಮ್, 1 ಮಿಲಿವ್ಯಾಟಿಗೆ 83.5 ಡಿಬಿ.

ಇಲ್ಲೊಂದು ಜಾರುವ ಜಾಗ ಇದೆ, ಗಮನಿಸಿ. ಒಬ್ಬ ಕಂಪನಿಯವನು 1 ವೋಲ್ಟಿಗೆ ಎಷ್ಟು ಡಿಬಿ ಅಂತ ಹೇಳ್ತಾನೆ, ಇನ್ನೊಬ್ಬ 1 ಮಿಲಿವ್ಯಾಟಿಗೆ ಎಷ್ಟು ಅಂತ ಹೇಳ್ತಾನೆ. ನೇರವಾಗಿ ಹೋಲಿಸಿದರೆ ಲೀಟರನ್ನು ಕೆಜಿ ಜೊತೆ ಹೋಲಿಸಿದ ಹಾಗೆ. ಒಂದಕ್ಕೆ ಬದಲಾಯಿಸೋದು ಸುಲಭ: 1000ವನ್ನು ಇಂಪೀಡೆನ್ಸಿನಿಂದ ಭಾಗಿಸಿ, ಅದರ ಲಾಗ್ ತೆಗೆದು ಹತ್ತರಿಂದ ಗುಣಿಸಿ, ಮಿಲಿವ್ಯಾಟಿನ ಅಂಕಿಗೆ ಕೂಡಿಸಿ. ಎಚ್‌ಇ6ಗೆ 1000 ಭಾಗಿಸು 50 ಅಂದ್ರೆ 20, ಅದು 13 ಡಿಬಿ. 83.5ಕ್ಕೆ 13 ಕೂಡಿಸಿದರೆ 96.5. ಅಂದ್ರೆ 1 ವೋಲ್ಟಿಗೆ ಇದು 96.5 ಡಿಬಿ, ಎಚ್‌ಡಿ 600ರದ್ದು 97. ಹೆಚ್ಚುಕಮ್ಮಿ ಒಂದೇ! 50 ಓಮ್ ಇರೋದರಿಂದ ಇದು ಸುಲಭದ ಹೆಡ್‌ಫೋನ್ ಅನ್ನೋ ಮಾತು ಇಲ್ಲೇ ಬಿದ್ದುಹೋಯ್ತು.

ಈಗ ಎಷ್ಟು ಬೇಕು ನೋಡೋಣ. ಹಾಡಿನ ಅತಿ ಜೋರಾದ ಕ್ಷಣಕ್ಕೆ, ತಬಲಾ ಅಥವಾ ಡ್ರಮ್ಮಿನ ಒಂದು ಪೆಟ್ಟಿಗೆ, 110 ಡಿಬಿ ತನಕ ಜಾಗ ಇರಲಿ ಅಂತ ಇಟ್ಟುಕೊಳ್ಳೋಣ. ಇದು ಉದಾರವಾದ ಮಿತಿ. ಸರಾಸರಿ ಸದ್ದು ಇದಕ್ಕಿಂತ ತುಂಬ ಕೆಳಗಿರುತ್ತೆ, ಇರಬೇಕು ಕೂಡ. ಎಚ್‌ಡಿ 600ಗೆ 97ರಿಂದ 110ಕ್ಕೆ 13 ಡಿಬಿ ಏರಿಸಬೇಕು, ಅಂದ್ರೆ ಸುಮಾರು 4.5 ವೋಲ್ಟ್. 300 ಓಮಿನಲ್ಲಿ ಅದು 15 ಮಿಲಿಆಂಪ್ ಎಳೆಯುತ್ತೆ. ಎಚ್‌ಇ6ಗೆ 13.5 ಡಿಬಿ ಏರಿಸಬೇಕು, ಸುಮಾರು 4.7 ವೋಲ್ಟ್. ಆದರೆ 50 ಓಮಿನಲ್ಲಿ ಅದು ಎಳೆಯೋದು 95 ಮಿಲಿಆಂಪ್! ವೋಲ್ಟೇಜ್ ಒಂದೇ, ಕರೆಂಟ್ ಆರು ಪಟ್ಟು.

ಒಂದು ಆಂಪ್ 5 ವೋಲ್ಟ್ ಕೊಡುತ್ತೆ, ಆದರೆ 50 ಮಿಲಿಆಂಪ್ ದಾಟಿದರೆ ಸುಸ್ತಾಗುತ್ತೆ ಅಂತ ಇಟ್ಕೊಳ್ಳಿ. ಅದು ಎಚ್‌ಡಿ 600ಗೆ ಹೇಳಿ ಮಾಡಿಸಿದ ಹಾಗೆ ಇರುತ್ತೆ. ಅದೇ ಆಂಪಿಗೆ ಎಚ್‌ಇ6 ಹಾಕಿದರೆ ಜೋರಾದ ಕಡೆ ತಲೆ ಕತ್ತರಿಸಿದ ಅಲೆ ಬರುತ್ತೆ, ನಾವು ಲ್ಯಾಬಿನಲ್ಲಿ ಆಸಿಲೋಸ್ಕೋಪಿನ ಮೇಲೆ ನೋಡೋ ಕ್ಲಿಪ್ಪಿಂಗ್. ಎಚ್‌ಇ6 ಕೊಂಡ ಕೆಲವರು ಹೆಡ್‌ಫೋನ್ ಆಂಪ್ ಬಿಟ್ಟು ಸ್ಪೀಕರ್ ಆಂಪಿಗೇ ಅದನ್ನು ಸಿಕ್ಕಿಸಿಕೊಂಡಿದ್ದು ಸುಮ್ಮನೆ ಶೋಕಿಗಲ್ಲ. "ಈ ಆಂಪ್ ಚೆನ್ನಾಗಿದೆಯಾ" ಅಂತ ಕೇಳೋದಕ್ಕೆ ಅರ್ಥವಿಲ್ಲ ಅನ್ನೋದು ಇದಕ್ಕೇ. ಯಾವುದಕ್ಕೆ ಅಂತ ಸೇರಿಸಿ ಕೇಳಬೇಕು.

ಈ ವಿಷಯವನ್ನು ನಮಗಿಂತ ಚೆನ್ನಾಗಿ ತಿಳಿದವರು ಊರಲ್ಲೇ ಇದ್ದಾರೆ. ನಮ್ಮ ಮೂವರಲ್ಲಿ ಒಬ್ಬನ ಊರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ. ಆಂಧ್ರದ ಗಡಿ ಕಡೆ, ಒಂದೇ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಬಂದುಹೋಗೋ ಊರು. ರಜೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಜಾತ್ರೆ ಮದುವೆಗಳಿಗೆ ಮೈಕ್ ಸೆಟ್ ಹಾಕೋ ಅಣ್ಣನೊಬ್ಬರ ಜೊತೆ ಒಂದು ಸಂಜೆ ಕೂತಿದ್ವಿ. ಅವರ ಆಂಪ್ಲಿಫೈಯರಿನ ಹಿಂಭಾಗದಲ್ಲಿ ಸ್ಕ್ರೂ ಇರೋ ಸಾಲು ಟರ್ಮಿನಲ್: 4 ಓಮ್, 8 ಓಮ್, 16 ಓಮ್, 70 ವೋಲ್ಟ್, 100 ವೋಲ್ಟ್. ನಾವು ಸಿಲಬಸ್ಸಿನಲ್ಲಿ ಒಂದು ಯೂನಿಟ್ ಪೂರ್ತಿ ಓದಿದ್ದನ್ನು ಅವರು ಒಂದು ಸಾಲಲ್ಲಿ ಮುಗಿಸಿದರು: "ಹತ್ರ ಇದ್ರೆ ಓಮಲ್ಲಿ ಕಟ್ಟು, ದೂರ ಹೋದ್ರೆ ವೋಲ್ಟಲ್ಲಿ ಕಟ್ಟು, ಇಲ್ದಿದ್ರೆ ಸೌಂಡೆಲ್ಲಾ ವೈರೇ ತಿಂದುಬಿಡ್ತದೆ ಕಣಪ್ಪಾ."

ಲೆಕ್ಕ ಮಾಡಿ ನೋಡಿ. 8 ಓಮಿನ ಸ್ಪೀಕರನ್ನು ದೇವಸ್ಥಾನದಿಂದ ಊರ ಬಾಗಿಲ ತನಕ ತೆಳ್ಳನೆ ವೈರಿನಲ್ಲಿ ಎಳೆದರು, ಆ ವೈರಿಂದೇ ಹೋಗಿ ಬರೋದು ಸೇರಿ 4 ಓಮ್ ಅನ್ನೋಣ. ಒಟ್ಟು 12 ಓಮ್, ಅದರಲ್ಲಿ ಮೂರನೇ ಒಂದು ಭಾಗ ಪವರ್ ವೈರಿನಲ್ಲೇ ಬಿಸಿಯಾಗಿ ಹೋಯ್ತು. ಅದೇ ಹಾರ್ನಿಗೆ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿ 100 ವೋಲ್ಟ್ ಲೈನಿನಲ್ಲಿ 25 ವ್ಯಾಟ್ ತಗೊಂಡರೆ, ಆಂಪಿಗೆ ಕಾಣೋ ಲೋಡ್ 400 ಓಮ್. 4 ಓಮಿನ ವೈರ್ ಈಗ ತಿನ್ನೋದು ನೂರರಲ್ಲಿ ಒಂದು ಭಾಗ. ಕೆಪಿಟಿಸಿಎಲ್‌ನವರು ಕರೆಂಟನ್ನು 220 ಕಿಲೋವೋಲ್ಟಿಗೆ ಏರಿಸಿ ಕಳಿಸೋದೂ ಇದೇ ಕಾರಣಕ್ಕೆ.

ಹೆಡ್‌ಫೋನಿನ ಕೇಬಲ್ ಒಂದೂವರೆ ಮೀಟರ್, ಅಲ್ಲಿ ವೈರ್ ತಿನ್ನೋದು ಏನೂ ಇಲ್ಲ. ಆದರೆ ಆಂಪಿನ ಹೊಟ್ಟೆಯೊಳಗೇ ಒಂದು ವೈರ್ ಇದೆ ಅಂದುಕೊಳ್ಳಿ. ಅದೇ ಔಟ್‌ಪುಟ್ ಇಂಪೀಡೆನ್ಸ್. ಡಬ್ಬದ ಮೇಲೆ ಬಹಳ ಸಲ ಬರೆದಿರೋದಿಲ್ಲ, ಮ್ಯಾಚಿಂಗ್ ಕೆಡೋದು ಮಾತ್ರ ಹೆಚ್ಚಾಗಿ ಇಲ್ಲೇ.

ಇದು ಬರೀ ಸದ್ದು ಕಡಿಮೆ ಮಾಡಿದ್ದರೆ ವಾಲ್ಯೂಮ್ ತಿರುಗಿಸಿ ಸರಿ ಮಾಡಬಹುದಿತ್ತು. ತೊಂದರೆ ಏನಂದ್ರೆ, ಹೆಡ್‌ಫೋನಿನ ಇಂಪೀಡೆನ್ಸ್ ಎಲ್ಲಾ ಫ್ರೀಕ್ವೆನ್ಸಿಯಲ್ಲೂ ಒಂದೇ ಇರೋದಿಲ್ಲ. ಎಚ್‌ಡಿ 600ರ 300 ಓಮ್, 100 ಹರ್ಟ್ಜ್ ಆಸುಪಾಸಿನಲ್ಲಿ 500 ದಾಟುತ್ತೆ. ಔಟ್‌ಪುಟ್ ಇಂಪೀಡೆನ್ಸ್ 120 ಓಮ್ ಇರೋ ಆಂಪಿಗೆ ಇದನ್ನು ಹಾಕಿ ವೋಲ್ಟೇಜ್ ಡಿವೈಡರ್ ಬರೀರಿ. ಮಧ್ಯ ಸ್ವರದಲ್ಲಿ 300 ಭಾಗಿಸು 420, ಸುಮಾರು 2.9 ಡಿಬಿ ಇಳಿತ. ಬೇಸಿನಲ್ಲಿ 550 ಓಮ್ ಅಂತ ಹಿಡಿದರೆ 550 ಭಾಗಿಸು 670, ಇಳಿತ 1.7 ಡಿಬಿ. ಅಂದ್ರೆ ಬೇಸ್ 1.2 ಡಿಬಿ ಉಬ್ಬಿತು. ಯಾರೂ ಈಕ್ವಲೈಜರ್ ಮುಟ್ಟಿಲ್ಲ, ಆದರೂ ಟೋನ್ ಬದಲಾಯ್ತು. ವ್ಯಾಲ್ವ್ ಆಂಪಿನಲ್ಲಿ ಕೇಳಿ "ಎಷ್ಟು ಬೆಚ್ಚಗಿದೆ ಸೌಂಡ್" ಅಂತ ಕಣ್ಣು ಮುಚ್ಚೋರು ಬಹಳ ಸಲ ಕೇಳ್ತಿರೋದು ಈ 1.2 ಡಿಬಿಯನ್ನೇ. ತಪ್ಪೇನಲ್ಲ, ಇಷ್ಟವಾದರೆ ಕೇಳಲಿ. ಆದರೆ ಅದು ಮ್ಯಾಜಿಕ್ ಅಲ್ಲ, ಡಿವೈಡರ್.

120 ಓಮ್ ಅನ್ನೋದು ನಾವು ಹುಟ್ಟಿಸಿದ ಅಂಕಿ ಅಲ್ಲ. 1996ರ ಐಇಸಿ 61938 ಮಾನದಂಡ ಹೆಡ್‌ಫೋನ್ ಔಟ್‌ಪುಟ್ಟಿಗೆ ಸೂಚಿಸಿದ್ದೇ 120 ಓಮ್. ಹಳೇ ಸ್ಟೀರಿಯೊ ಆಂಪ್ಲಿಫೈಯರ್‌ಗಳಲ್ಲಿ ಸ್ಪೀಕರ್ ಔಟ್‌ಪುಟ್ಟನ್ನೇ ನೂರಾರು ಓಮಿನ ರೆಸಿಸ್ಟರ್ ಮೂಲಕ ಹೆಡ್‌ಫೋನ್ ಜ್ಯಾಕಿಗೆ ಕೊಡ್ತಿದ್ದರು, ಅಗ್ಗ ಮತ್ತು ಸುರಕ್ಷಿತ ಅಂತ. ಆಗಿನ ಹೆಡ್‌ಫೋನ್‌ಗಳಲ್ಲಿ ಎಷ್ಟೋ 300, 600 ಓಮಿನವು, ಅವಕ್ಕೆ ಹೇಗೋ ನಡೀತಿತ್ತು. ಮನೆಯಲ್ಲಿ ಅಪ್ಪನ ಕಾಲದ ಆಂಪ್ ಇದ್ದು, ಅದಕ್ಕೆ ಈಗಿನ ಇಯರ್‌ಫೋನ್ ಹಾಕಿದಾಗ ವಿಚಿತ್ರ ಅನಿಸಿದ್ದರೆ ಕಾರಣ ಇದೇ ಇರಬಹುದು.

ಇಯರ್‌ಫೋನಿಗೆ ಬಂದರೆ ಕಥೆ ಇನ್ನೂ ಜೋರು. ಕಿವಿಯೊಳಗೆ ಕೂರೋ ದುಬಾರಿ ಐಇಎಂಗಳಲ್ಲಿ ನಾಲ್ಕೈದು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್, ಮಧ್ಯೆ ಕ್ರಾಸ್‌ಓವರ್. ಇಂಪೀಡೆನ್ಸ್ ಬೆಟ್ಟಗುಡ್ಡದ ಹಾಗೆ ಏರಿಳಿಯುತ್ತೆ. ಒಂದು ಕಡೆ 5 ಓಮ್, ಇನ್ನೊಂದು ಕಡೆ 15 ಓಮ್ ಇರೋ ಒಂದು ಐಇಎಂ ಊಹಿಸಿಕೊಳ್ಳಿ. 10 ಓಮಿನ ಔಟ್‌ಪುಟ್ಟಿಗೆ ಹಾಕಿದರೆ ಎರಡು ಕಡೆಗೂ 5 ಡಿಬಿ ವ್ಯತ್ಯಾಸ. ಅದು ಬೇರೆಯೇ ಇಯರ್‌ಫೋನ್ ಆಗಿಹೋಯ್ತು! 1 ಓಮಿನ ಔಟ್‌ಪುಟ್ಟಿಗೆ ಹಾಕಿದರೆ ವ್ಯತ್ಯಾಸ 1 ಡಿಬಿ. ಪ್ಲೇನರ್‌ಗಳ ಇಂಪೀಡೆನ್ಸ್ ಮಾತ್ರ ಹೆಚ್ಚುಕಮ್ಮಿ ನೇರ ಗೆರೆ, ಅವಕ್ಕೆ ಈ ಕಾಟ ಇಲ್ಲ.

ಹಾಗಾಗಿ ಎಲ್ಲರೂ ಹೇಳೋ ಒಂದು ನಿಯಮ: ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನಿನದ್ದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ. 32 ಓಮಿಗೆ 4, 300 ಓಮಿಗೆ 37. ಕಷ್ಟದ ಐಇಎಂಗಳಿಗೆ 1 ಓಮ್ ಅಥವಾ ಅದಕ್ಕೂ ಕೆಳಗೆ. ಈ ನಿಯಮವನ್ನು ಜನಪ್ರಿಯ ಮಾಡಿದವನು 'ಎನ್‌ಡಬ್ಲ್ಯುಎವಿಗೈ' ಅನ್ನೋ ಅಡ್ಡಹೆಸರಿನ ಒಬ್ಬ ಅನಾಮಧೇಯ ಎಂಜಿನಿಯರ್. 2011ರಲ್ಲಿ ಅವನು ಒ2 ಅನ್ನೋ ಹೆಡ್‌ಫೋನ್ ಆಂಪ್ ಡಿಸೈನ್ ಮಾಡಿ, ಸ್ಕೀಮ್ಯಾಟಿಕ್, ಅಳತೆಗಳು ಎಲ್ಲಾ ಬಹಿರಂಗವಾಗಿ ಹಾಕಿಬಿಟ್ಟ. ಎರಡು 9 ವೋಲ್ಟ್ ಬ್ಯಾಟರಿಯ ಮೇಲೂ ನಡೆಯೋ, ಸಾಮಾನ್ಯ ಆಪ್‌ಆಂಪ್‌ಗಳ ಸರ್ಕ್ಯೂಟ್. ಔಟ್‌ಪುಟ್ ಇಂಪೀಡೆನ್ಸ್ ಸುಮಾರು ಅರ್ಧ ಓಮ್. ಅದಕ್ಕಿಂತ ಎಷ್ಟೋ ಪಟ್ಟು ಬೆಲೆಯ ಆಂಪ್‌ಗಳಿಗೆ ಅಳತೆಯಲ್ಲಿ ಸಡ್ಡು ಹೊಡೀತು. 2012ರಲ್ಲಿ ಮನುಷ್ಯ ದಿಢೀರನೆ ಮೌನವಾದ, ಯಾರು ಅಂತ ಇವತ್ತಿಗೂ ಬಹಿರಂಗವಾಗಿಲ್ಲ. ನಮಗೆ ಅವನ ಮೇಲೆ ಅಭಿಮಾನ. ಹೆಸರು ದುಡ್ಡು ಎರಡೂ ಬೇಡ ಅಂತ ಸರ್ಕ್ಯೂಟ್ ಕೊಟ್ಟುಹೋದವನು. ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರೋರು ಇದನ್ನು ನೋಡಿ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ಶನಿವಾರ ಅಲೆದರೆ ಬಹುಪಾಲು ಸಿಗುತ್ತೆ.

ಇಲ್ಲಿ ನಮ್ಮ ಕ್ಲಾಸಿನವರು ಒಂದು ಆಕ್ಷೇಪ ಎತ್ತಿದರು, ಅದು ಒಳ್ಳೇ ಆಕ್ಷೇಪ. "ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಂ ಪ್ರಕಾರ ಸೋರ್ಸ್ ಮತ್ತು ಲೋಡ್ ಸಮ ಇರಬೇಕಲ್ವಾ? ನೀವು ಎಂಟನೇ ಒಂದು ಅಂತೀರಿ." ಉತ್ತರ ಕೊಡೋಕೆ ಮತ್ತೆ ಗೌರಿಬಿದನೂರಿಗೇ ಹೋಗಬೇಕು.

ಗೌರಿಬಿದನೂರಿನ ಹತ್ತಿರ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಕಟ್ಟಿದ ರೇಡಿಯೊ ದೂರದರ್ಶಕ ಇದೆ. ಬಟ್ಟಲಿನ ಆಕಾರದ್ದಲ್ಲ. ಇಂಗ್ಲಿಷಿನ ಟೀ ಅಕ್ಷರದ ಆಕಾರದಲ್ಲಿ ಬಯಲಿನಲ್ಲಿ ನೆಟ್ಟ 1000 ಡೈಪೋಲ್ ಆಂಟೆನಾಗಳು, ಪೂರ್ವ ಪಶ್ಚಿಮದ ತೋಳೇ ಸುಮಾರು 1.4 ಕಿಲೋಮೀಟರ್. ಅದು ಆಕಾಶ ಕೇಳುತ್ತಿದ್ದದ್ದು 34.5 ಮೆಗಾಹರ್ಟ್ಜಿನಲ್ಲಿ. ಅಲ್ಲಿ ಬರೋ ಸಿಗ್ನಲ್ ಅತ್ಯಲ್ಪ, ಅದರ ಪ್ರತಿ ಚೂರು ಪವರ್ ಬೇಕು. ಆ ಫ್ರೀಕ್ವೆನ್ಸಿಯ ತರಂಗದೂರ ಸುಮಾರು 8.7 ಮೀಟರ್, ಕೇಬಲ್ಲುಗಳೋ ನೂರಾರು ಮೀಟರ್. ತರಂಗಕ್ಕಿಂತ ಕೇಬಲ್ ಉದ್ದವಿದ್ದಾಗ, ಇಂಪೀಡೆನ್ಸ್ ಸಮ ಇಲ್ಲದ ಕಡೆ ಸಿಗ್ನಲ್ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬರುತ್ತೆ. ಆದ್ದರಿಂದ ಅಂಥ ಕಡೆ ಮ್ಯಾಚಿಂಗ್ ಅಂದ್ರೆ ನಿಜವಾಗಿ ಸಮ ಮಾಡೋದು.

ಆಡಿಯೊದಲ್ಲಿ ಅತಿ ಹೆಚ್ಚಿನ ಫ್ರೀಕ್ವೆನ್ಸಿ 20 ಕಿಲೋಹರ್ಟ್ಜ್. ಅದರ ತರಂಗದೂರ 15 ಕಿಲೋಮೀಟರ್, ಕೇಬಲ್ಲಿನೊಳಗೆ ಹತ್ತು ಅಂದುಕೊಳ್ಳಿ. ಒಂದೂವರೆ ಮೀಟರ್ ಹೆಡ್‌ಫೋನ್ ಕೇಬಲ್ಲಿನಲ್ಲಿ ವಾಪಸ್ ಬರೋ ಮಾತೇ ಇಲ್ಲ. (ಮೂರನೇ ಪಂಡಿತನ ಕೇಬಲ್ಲಿಗೂ ಇಲ್ಲೇ ಉತ್ತರ ಸಿಕ್ಕಿತು.) ಪವರಿಗೂ ಇಲ್ಲಿ ಬರ ಇಲ್ಲ, ಗೋಡೆಯ ಪ್ಲಗ್ಗಿನಿಂದ ಬೇಕಾದಷ್ಟು ಬರುತ್ತೆ. ಇಲ್ಲಿ ಬೇಕಾಗಿರೋದು ಹೆಡ್‌ಫೋನ್ ಏನೇ ಕುಣಿದರೂ ವೋಲ್ಟೇಜ್ ಅಲ್ಲಾಡದೆ ನಿಲ್ಲೋದು. ಹಾಗಾಗಿ ಸಣ್ಣ ಸೋರ್ಸ್, ದೊಡ್ಡ ಲೋಡ್. ಎಲ್ಲರೂ 'ಮ್ಯಾಚಿಂಗ್' ಅಂತ ಕರೆದರೂ ಇಲ್ಲಿ ಎರಡೂ ಸಮ ಇರದಿದ್ದರೇ ಒಳ್ಳೇದು.

ಅದೇ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಭೂಕಂಪ ಮಾಪನ ಕೇಂದ್ರವೂ ಇದೆ, 1960ರ ದಶಕದಿಂದ. ಕಾಯಿಲ್ ಇರೋ ಭೂಕಂಪ ಮಾಪಕ ಅಂದ್ರೆ ತಿರುಗಿಸಿ ಹಾಕಿದ ಹೆಡ್‌ಫೋನ್: ಆಯಸ್ಕಾಂತದಲ್ಲಿ ಕಾಯಿಲ್ ಅಲುಗಾಡಿದರೆ ವೋಲ್ಟೇಜ್ ಹುಟ್ಟುತ್ತೆ. ಅದು ಒಮ್ಮೆ ಅಲುಗಾಡಿ ಗಂಟೆಯ ಹಾಗೆ ಗುಂಯ್‌ಗುಡುತ್ತಾ ಇರಬಾರದು ಅಂತ ಕಾಯಿಲಿಗೆ ಅಡ್ಡಲಾಗಿ ಒಂದು ರೆಸಿಸ್ಟರ್ ಹಾಕ್ತಾರೆ. ಕಾಯಿಲೇ ಹುಟ್ಟಿಸಿದ ಕರೆಂಟ್ ಅದರ ಮೂಲಕ ಹರಿದು ಕಾಯಿಲಿಗೇ ಬ್ರೇಕ್ ಹಾಕುತ್ತೆ. ಹೆಡ್‌ಫೋನಿನಲ್ಲಿ ಆ ರೆಸಿಸ್ಟರಿನ ಕೆಲಸವನ್ನು ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಮಾಡುತ್ತೆ. ಅದು ಕಡಿಮೆ ಇದ್ದಷ್ಟೂ ಬ್ರೇಕ್ ಬಿಗಿ. ಡ್ಯಾಂಪಿಂಗ್ ಫ್ಯಾಕ್ಟರ್ ಅಂತ ಜಾಹೀರಾತಿನಲ್ಲಿ ಬರೋದು ಇದೇ. ಆದರೆ ಹೆಡ್‌ಫೋನಿನ ಕಾಯಿಲಿಗೇ ಅದರ ಸ್ವಂತ ರೆಸಿಸ್ಟೆನ್ಸ್ ಇರೋದರಿಂದ ಒಂದು ಹಂತದ ನಂತರ ಲಾಭ ಏನೂ ಇಲ್ಲ. ಹತ್ತು ಸಾಕು, ಸಾವಿರ ಬರೀ ಅಂಕಿ.

ಇನ್ನು ಸುಯ್ಯ್ ಅನ್ನೋ ಸದ್ದು. ದೊಡ್ಡ ಆಂಪ್ ಕೊಂಡರೆ ಎಲ್ಲದಕ್ಕೂ ಒಳ್ಳೇದಲ್ವಾ ಅನ್ನೋರಿಗೆ ಇದು ಉತ್ತರ. ಶ್ಯೂರ್ ಎಸ್‌ಇ846 ಅನ್ನೋ ಐಇಎಂ 9 ಓಮ್, ಮಿಲಿವ್ಯಾಟಿಗೆ 114 ಡಿಬಿ. ಮೇಲಿನ ಸೂತ್ರ ಹಾಕಿದರೆ 1 ವೋಲ್ಟಿಗೆ 134 ಡಿಬಿ ದಾಟುತ್ತೆ! ಒಂದು ಆಂಪಿನ ನಾಯ್ಸ್ ಬರೀ 10 ಮೈಕ್ರೋವೋಲ್ಟ್ ಇದೆ ಅನ್ನಿ. ಎಚ್‌ಡಿ 600ರಲ್ಲಿ ಅದು ಸೊನ್ನೆ ಡಿಬಿಗಿಂತಲೂ ಕೆಳಗೆ, ಯಾರಿಗೂ ಕೇಳಲ್ಲ. ಈ ಐಇಎಂನಲ್ಲಿ ಅದೇ ನಾಯ್ಸ್ 34 ಡಿಬಿ, ರಾತ್ರಿ ಹಾಸ್ಟೆಲ್ ರೂಮಿನಲ್ಲಿ ಫ್ಯಾನ್ ಆಫ್ ಮಾಡಿದರೆ ಮಳೆ ಹನಿಯುವ ಹಾಗೆ ಕೇಳುತ್ತೆ. ಜೊತೆಗೆ ವಾಲ್ಯೂಮ್ ನಾಬ್ ಸ್ವಲ್ಪ ಮುಟ್ಟಿದರೆ ಕಿವಿ ತಮಟೆ. ಇಂಥದ್ದಕ್ಕೆ ದೈತ್ಯ ಆಂಪ್ ಹಾಕೋದು ಅಂದ್ರೆ ಹೂವಿನ ಕುಂಡಕ್ಕೆ ಬೋರ್‌ವೆಲ್ ಪೈಪಿನಲ್ಲಿ ನೀರು ಬಿಟ್ಟ ಹಾಗೆ.

ಸೋರ್ಸಿನ ಬಗ್ಗೆ ಜಾಸ್ತಿ ಹೇಳೋದಿಲ್ಲ, ಯಾಕಂದ್ರೆ ಜಾಸ್ತಿ ಹೇಳೋಕೆ ಇಲ್ಲ. 16 ಬಿಟ್ಟಿನ ಸಿಡಿ ಗುಣಮಟ್ಟಕ್ಕೆ ಸೈದ್ಧಾಂತಿಕ ಡೈನಾಮಿಕ್ ರೇಂಜ್ 98 ಡಿಬಿ, ಇವತ್ತಿನ ಒಳ್ಳೇ ಡಾಂಗಲ್‌ಗಳು ಅದರ ಹತ್ತಿರಕ್ಕೆ ಆರಾಮಾಗಿ ಬರುತ್ತವೆ. ಆಪಲ್‌ನ ಸಣ್ಣ ಯುಎಸ್‌ಬಿ-ಸಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತೆ, ಔಟ್‌ಪುಟ್ ಇಂಪೀಡೆನ್ಸ್ 1 ಓಮಿನ ಸುತ್ತಮುತ್ತ. ಕೆಲವು ಆಂಡ್ರಾಯ್ಡ್ ಫೋನಿಗೆ ಹಾಕಿದಾಗ ಮಾತ್ರ ಪೂರ್ತಿ ವೋಲ್ಟೇಜ್ ಬರೋದಿಲ್ಲ, ಅದೊಂದು ಕಿರಿಕಿರಿ. ಬೇರೆ ಡ್ಯಾಕ್, ಬೇರೆ ಆಂಪ್ ಇಟ್ಟುಕೊಂಡೋರು ಡ್ಯಾಕಿನ ಲೈನ್ ಔಟ್‌ನಿಂದ ಆಂಪಿಗೆ ಕೊಡಬೇಕು. ಒಂದು ಹೆಡ್‌ಫೋನ್ ಆಂಪಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಪೋಣಿಸಿದರೆ ಮೊದಲನೆಯದರ ನಾಯ್ಸೂ ಸೇರಿ ದೊಡ್ಡದಾಗುತ್ತೆ. ಇನ್ನು ಬ್ಲೂಟೂತ್ ಹೆಡ್‌ಫೋನ್‌ನವರು ಈ ಲೇಖನವನ್ನು ಸುಮ್ಮನೆ ಖುಷಿಗೆ ಓದಬಹುದು. ನಿಮ್ಮ ಡ್ಯಾಕ್, ಆಂಪ್ ಎರಡೂ ಹೆಡ್‌ಫೋನಿನೊಳಗೇ ಇವೆ, ಕಂಪನಿಯೇ ಮ್ಯಾಚ್ ಮಾಡಿ ಕೊಟ್ಟಿದೆ.

ಆದರೆ ಒಂದು ಸೋರ್ಸನ್ನು ಎಲ್ಲರೂ ಮರೀತಾರೆ, ಅದು ರೆಕಾರ್ಡಿಂಗ್. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಹಳೇ ಧ್ವನಿಮುದ್ರಣ ಹಾಕಿ. ಸರಾಸರಿ ಸದ್ದು ಕಡಿಮೆ ಇಟ್ಟಿರುತ್ತಾರೆ, ಆದ್ದರಿಂದ ವಾಲ್ಯೂಮ್ ಏರಿಸಬೇಕಾಗುತ್ತೆ, ಡಾಂಗಲ್ ಸಾಲದೇ ಹೋಗೋದು ಇಲ್ಲೇ. ಹೊಸ ಸಿನಿಮಾ ಹಾಡುಗಳನ್ನು ಮೊದಲೇ ಹಿಂಡಿ ಜೋರು ಮಾಡಿರೋದರಿಂದ ಅದೇ ಡಾಂಗಲ್ ಧಾರಾಳ ಸಾಕಾಗುತ್ತೆ. ಟೇಪಿನ ಸುಯ್ಯ್ ಸದ್ದನ್ನು ಲಕ್ಷ ರೂಪಾಯಿ ಆಂಪ್ ಹಾಕಿದರೂ ತೆಗೆಯೋಕಾಗಲ್ಲ, ಇನ್ನೂ ಸ್ಪಷ್ಟವಾಗಿ ಕೇಳಿಸುತ್ತೆ ಅಷ್ಟೇ.

ನಗರಗೆರೆಯ ನಮ್ಮ ಗೆಳೆಯನ ಲೆಕ್ಕ ಇಲ್ಲೇ ಬಂತು. ಎರಡು ವರ್ಷದ ಟ್ಯೂಷನ್ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಎಚ್‌ಡಿ 600 ತಗೊಂಡಿದ್ದ. ಮನೆಯಲ್ಲಿ ಬೆಳೆಗೆ ಬೆಲೆ ಬರದ ವರ್ಷ, ಇನ್ನೊಂದು ಆಂಪಿಗೆ ಅಪ್ಪನ ಹತ್ತಿರ ಕೇಳೋ ಹಾಗಿರಲಿಲ್ಲ. ಪಂಡಿತರ ಮಾತು ಕೇಳಿ ಹೆಡ್‌ಫೋನನ್ನೇ ಮಾರಿಬಿಡೋ ಯೋಚನೆಯಲ್ಲಿದ್ದ. ಲೆಕ್ಕ ಹಾಕಿದೆವು: ಡಾಂಗಲ್ 1 ವೋಲ್ಟ್, ಗರಿಷ್ಠ 97 ಡಿಬಿ. ಹಳೇ ರೆಕಾರ್ಡಿಂಗಿನಲ್ಲಿ ಸರಾಸರಿ ಗರಿಷ್ಠಕ್ಕಿಂತ 20 ಡಿಬಿ ಕೆಳಗಿದ್ದರೂ 77 ಡಿಬಿ ಸಿಗುತ್ತೆ. ಅವನು ಕೇಳೋದು ಅಷ್ಟರಲ್ಲೇ. ಹೆಡ್‌ಫೋನ್ ಉಳೀತು, ಡಾಂಗಲ್ಲೂ ಉಳೀತು. ಮುಂದೆ ಯಾವಾಗಲಾದರೂ 5 ವೋಲ್ಟಿನ ಒಂದು ಸಾಧಾರಣ ಆಂಪ್ ಕಟ್ಟಿಕೊಂಡರೆ 110 ತನಕ ಜಾಗ ಸಿಗುತ್ತೆ, ಅರ್ಜೆಂಟ್ ಇಲ್ಲ.

"ಆದ್ರೆ ನಂಗೆ ವ್ಯತ್ಯಾಸ ಕೇಳ್ಸುತ್ತೆ" ಅನ್ನೋರಿಗೆ ಒಂದು ಪರೀಕ್ಷೆ. ಎರಡು ಆಂಪ್‌ಗಳನ್ನು ಹೋಲಿಸೋ ಮುಂಚೆ ಸದ್ದನ್ನು ಸಮ ಮಾಡಿ. ಹೆಡ್‌ಫೋನ್ ಹಾಕಿದ ಹಾಗೇ 100 ಹರ್ಟ್ಜಿನ ಟೋನ್ ನುಡಿಸಿ, ಮಲ್ಟಿಮೀಟರಿನಲ್ಲಿ ಎಸಿ ವೋಲ್ಟ್ ಅಳೆದು ಎರಡನ್ನೂ ನೂರಕ್ಕೆ ಎರಡರಷ್ಟು ವ್ಯತ್ಯಾಸದೊಳಗೆ ತನ್ನಿ. ಅರ್ಧ ಡಿಬಿ ಜೋರಿದ್ದರೂ ನಮ್ಮ ಮೆದುಳು "ಇದೇ ಚೆನ್ನಾಗಿದೆ" ಅಂತ ತೀರ್ಪು ಕೊಟ್ಟುಬಿಡುತ್ತೆ, ಜೋರಾಗಿದೆ ಅಂತ ಹೇಳಲ್ಲ. ಆಮೇಲೆ ಯಾವುದು ಯಾವುದು ಅಂತ ಗೊತ್ತಿಲ್ಲದ ಹಾಗೆ ಗೆಳೆಯನ ಕೈಲಿ ಬದಲಾಯಿಸಿಸಿ. ಹಾಸ್ಟೆಲ್ಲಿನಲ್ಲಿ ಇದನ್ನು ಮಾಡಿದ ದಿನ ನಮ್ಮ ವಿಂಗಿನಲ್ಲಿ ಎರಡು ಸ್ನೇಹಗಳು ಸ್ವಲ್ಪ ಅಲ್ಲಾಡಿದವು.

ಕಿವಿಯ ಲೆಕ್ಕ ಒಂದು ಬಾಕಿ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡಿಬಿ ಸರಾಸರಿಯಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡಿಬಿ ಆದರೆ ಬರೀ 4 ಗಂಟೆ. ದೊಡ್ಡ ಆಂಪಿನ ಜೊತೆ ಬರೋ ನಿಜವಾದ ಅಪಾಯ ಇದು. ಕ್ಲಿಪ್ ಆಗದ ಶುದ್ಧ ಸದ್ದು ಎಷ್ಟು ಜೋರಿದ್ದರೂ ಕಿವಿಗೆ ಹಿತವಾಗೇ ಇರುತ್ತೆ, ಜೋರಾಗಿದೆ ಅಂತ ಗೊತ್ತೇ ಆಗಲ್ಲ. ಸತ್ತ ಕೂದಲಕೋಶ ಒಳಗಿವಿಯಲ್ಲಿ ಮತ್ತೆ ಹುಟ್ಟೋದಿಲ್ಲ. ಮೇಲಿನ ಲೆಕ್ಕವನ್ನೇ ತಿರುಗಿಸಿ ಹಾಕಿದರೆ ನಿಮ್ಮ ಹೆಡ್‌ಫೋನಿಗೆ 80 ಡಿಬಿ ಎಷ್ಟು ಮಿಲಿವೋಲ್ಟ್ ಅಂತ ಗೊತ್ತಾಗುತ್ತೆ. ಎಚ್‌ಡಿ 600ಗೆ ಅದು ಸುಮಾರು 140.

ಇನ್ನು ನಿಮ್ಮ ಲ್ಯಾಪ್‌ಟಾಪ್ ಅಥವಾ ಡಾಂಗಲ್‌ನ ಔಟ್‌ಪುಟ್ ಇಂಪೀಡೆನ್ಸ್ ಅಳೆಯೋ ವಿಧಾನ. 100 ಹರ್ಟ್ಜ್ ಸೈನ್ ಅಲೆ ನುಡಿಸಿ, ಏನೂ ಸಿಕ್ಕಿಸದೆ ವೋಲ್ಟೇಜ್ ಅಳೆಯಿರಿ. ಆಮೇಲೆ 33 ಓಮಿನ ರೆಸಿಸ್ಟರ್ ಅಡ್ಡ ಹಾಕಿ ಮತ್ತೆ ಅಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿ. ನಮ್ಮ ಲ್ಯಾಬಿನ ಒಂದು ಹಳೇ ಡೆಸ್ಕ್‌ಟಾಪಿನಲ್ಲಿ 0.80 ವೋಲ್ಟ್ ಇದ್ದದ್ದು ರೆಸಿಸ್ಟರ್ ಹಾಕಿದ ತಕ್ಷಣ 0.25ಕ್ಕೆ ಬಿತ್ತು. ಲೆಕ್ಕ ಹಾಕಿದರೆ 73 ಓಮ್ ಹತ್ತಿರ. ಅದಕ್ಕೆ ಐಇಎಂ ಹಾಕಿ "ಈ ಇಯರ್‌ಫೋನ್ ಸರಿ ಇಲ್ಲ" ಅಂತ ಒಎಲ್‌ಎಕ್ಸ್‌ನಲ್ಲಿ ಮಾರೋಕೆ ಹೊರಟಿದ್ದ ಸೀನಿಯರ್ ಒಬ್ಬರು ಜಾಹೀರಾತು ವಾಪಸ್ ತಗೊಂಡರು. ಕನ್ನಡ ಸಂಘದ ಮೀಟಿಂಗ್ ಇರೋ ದಿನ ನಿಮ್ಮ ಡಾಂಗಲ್ ತನ್ನಿ, ಮಲ್ಟಿಮೀಟರ್ ಮತ್ತು 33 ಓಮ್ ನಮ್ಮ ಬ್ಯಾಗಿನಲ್ಲಿರುತ್ತೆ. ಐದು ನಿಮಿಷದ ಕೆಲಸ, ಅಂಕಿಯನ್ನು ಒಂದು ಪಟ್ಟಿಯಲ್ಲಿ ಬರೆದಿಡ್ತಿದ್ದೀವಿ. ಮುಂದಿನ ಸಂಚಿಕೆಗೆ ಪಟ್ಟಿ ಹಾಕ್ತೀವಿ.